ಕಲಾವಿದರ ಪ್ರದರ್ಶನಗಳ ಪಟ್ಟಿ ಓದುವುದು ಹೇಗೆ?

ಚಿತ್ರಕಲಾವಿದರ ಪರಿಚಯದ ಕೊನೆಗೆ ಸಾಮಾನ್ಯವಾಗಿ ಸಿಂಗಪುರ, ಲಂಡನ್, ಟೋಕಿಯೊ ಎಂದು ಊರುಗಳ ಪಟ್ಟಿ ಇರುತ್ತದೆ. ಶಿರಗುಪ್ಪಿಯಂಥ ಊರಿನಲ್ಲಿ ಈಗಷ್ಟೇ ಬ್ರಶ್ ಹಿಡಿದ ಮಕ್ಕಳೂ ಅವರ ತಂದೆತಾಯಿಯೂ ಊರುಗಳನ್ನು ಎಣಿಸಿ ಸುಮ್ಮನಾಗಬಾರದು. ಪ್ರತಿ ಹೆಸರಿಗೂ ಮೂರು ಪ್ರಶ್ನೆ ಕೇಳಬೇಕು: ಕರೆದವರು ಯಾರು? ಜೊತೆಗೆ ಯಾರಿದ್ದರು? ತೋರಿಸಿದ್ದೇನು?

ಮೈಸೂರಿನ ಕಲಾವಿದ ಎನ್.ಎಸ್. ಹರ್ಷ ಅವರನ್ನೇ ನೋಡೋಣ. 1969ರಲ್ಲಿ ಹುಟ್ಟಿದ ಅವರು ಮೈಸೂರಿನ ಕಾವಾ ಕಲಾಶಾಲೆಯಲ್ಲೂ ಆಮೇಲೆ ಬರೋಡಾದಲ್ಲೂ ಕಲಿತು, ಮತ್ತೆ ತಮ್ಮ ಊರಿನಲ್ಲೇ ನೆಲೆಸಿದರು.

1999ರಲ್ಲಿ ಅವರು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ನಡೆದ ಏಷ್ಯಾ ಪೆಸಿಫಿಕ್ ಟ್ರಿಯೆನಾಲೆಯಲ್ಲಿ ಭಾಗವಹಿಸಿದರು. ಟ್ರಿಯೆನಾಲೆ ಮೂರು ವರ್ಷಕ್ಕೊಮ್ಮೆ, ಬಿನಾಲೆ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಸಮೂಹ ಪ್ರದರ್ಶನ. ಕಲಾವಿದರನ್ನು ಆರಿಸುವವರು ಕ್ಯುರೇಟರ್‌ಗಳು. ಚೌಕಟ್ಟು ಹಾಕಿದ ಚಿತ್ರವನ್ನೇ ಹೊತ್ತೊಯ್ಯಬೇಕೆಂದೂ ಇಲ್ಲ: 2006ರ ಸಿಂಗಪುರ ಬಿನಾಲೆಗೆ ಹರ್ಷ ಅಲ್ಲಿನ ಶ್ರೀಕೃಷ್ಣನ್ ದೇವಸ್ಥಾನದಲ್ಲೇ ಚಿತ್ರ ಬಿಡಿಸಿದರು.

ಪ್ರಶಸ್ತಿಯ ಪ್ರದರ್ಶನ ಇನ್ನೊಂದು ಬಗೆ. ಆಯ್ದ ಕೆಲವರ ಕೃತಿಗಳನ್ನು ಒಟ್ಟಿಗೆ ಇಟ್ಟು ತೀರ್ಪುಗಾರರು ಒಬ್ಬರನ್ನು ಆರಿಸುತ್ತಾರೆ. ವೇಲ್ಸ್‌ನ ಕಾರ್ಡಿಫ್‌ನಲ್ಲಿ 2008ರ ಆರ್ಟೆಸ್ ಮುಂಡಿ ಪ್ರಶಸ್ತಿ, 40,000 ಪೌಂಡ್, ಹೀಗೆ ಹರ್ಷ ಅವರಿಗೆ ಬಂತು.

ಮೂರನೆಯದು ಏಕವ್ಯಕ್ತಿ ಪ್ರದರ್ಶನ. 2017ರಲ್ಲಿ ಟೋಕಿಯೊದ ಮೋರಿ ಆರ್ಟ್ ಮ್ಯೂಸಿಯಂ ಅವರ ಎರಡು ದಶಕಗಳ ಕೆಲಸವನ್ನು ಒಂದೇ ಕಡೆ ಕೂಡಿಸಿತು. ಒಂದು ಚಿತ್ರ ಕಂಡಾಗ ಕೈಚಳಕ ತಿಳಿಯುತ್ತದೆ. ಇಪ್ಪತ್ತು ವರ್ಷದ ಚಿತ್ರಗಳು ಸಾಲಾಗಿ ನಿಂತಾಗ ಕಲಾವಿದರ ಚಿಂತನೆಯ ದಾರಿ ತಿಳಿಯುತ್ತದೆ. ಅದಕ್ಕೇ ಇಂಥ ಕರೆಗೆ ತೂಕ ಹೆಚ್ಚು.

ಮೂರು ಪ್ರಶ್ನೆಗಳಲ್ಲಿ ಕೊನೆಯದೇ ನನಗೆ ಮುಖ್ಯ. ಹರ್ಷ ತೋರಿಸಿದ್ದೇನು? ಪಂಕ್ತಿಯಲ್ಲಿ ಊಟಕ್ಕೆ ಕೂತವರು, ಸಾಲಾಗಿ ಮಲಗಿದವರು, ಕುರ್ಚಿಗಳಲ್ಲಿ ಭಾಷಣಕ್ಕೆ ಕಾದವರು. 2008ರ ‘ಕಮ್ ಗಿವ್ ಅಸ್ ಎ ಸ್ಪೀಚ್’ ಕೃತಿಯ ಆರು ಫಲಕಗಳಲ್ಲಿ ಸುಮಾರು ಎರಡು ಸಾವಿರ ಜನರಿದ್ದಾರೆ. ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ನೋಡಿ ಬರೆದಿದ್ದಾರೆ. ನಮ್ಮ ಜಾತ್ರೆ, ಮದುವೆಗಳಲ್ಲಿ ಕಾಣುವ ನೋಟವೇ ಅದು. ಆ ತಾಳ್ಮೆಯ ನೋಟವೇ ಅವರನ್ನು ಅಷ್ಟು ದೂರ ಕರೆದೊಯ್ದಿತು.

ಆದ್ದರಿಂದ ಮಕ್ಕಳೇ, ಪಾಸ್‌ಪೋರ್ಟಿನ ಚಿಂತೆ ಈಗ ಬೇಡ. ಊರಿನ ಸಂತೆಯಲ್ಲಿ ಕೂತು ಹತ್ತು ಮುಖ ಬರೆಯಿರಿ, ಹತ್ತೂ ಬೇರೆ ಬೇರೆಯಾಗಿರಲಿ. ಧಾರವಾಡದಲ್ಲೋ ಹುಬ್ಬಳ್ಳಿಯಲ್ಲೋ ಪ್ರದರ್ಶನ ನಡೆದಾಗ ಹೋಗಿ, ಈ ಮೂರು ಪ್ರಶ್ನೆಗಳನ್ನು ಕಲಾವಿದರಿಗೇ ಕೇಳಿ.