ಮೂರು ತಿಂಗಳಾದರೂ ಮಾಯದ ಹುಣ್ಣು

ಪ್ರಶ್ನೆ: ನಾವು ಧಾರವಾಡದವರು, ನೌಕರಿಗಾಗಿ ಗುರುಗ್ರಾಮದಲ್ಲಿದ್ದೇವೆ. ದಸರಾ ರಜೆಯಲ್ಲಿ ಬಿಕಾನೇರ್ ಕಡೆಯ ಹಳ್ಳಿಯಲ್ಲಿ ನಾಲ್ಕು ರಾತ್ರಿ ಅಂಗಳದಲ್ಲಿ ಮಲಗಿದ್ದೆವು. ಒಂದೂವರೆ ತಿಂಗಳ ಮೇಲೆ ನನ್ನ ಮುಂಗೈಯಲ್ಲಿ ಗುಳ್ಳೆ ಎದ್ದು, ಈಗ ರೂಪಾಯಿ ನಾಣ್ಯದಷ್ಟು ಹುಣ್ಣಾಗಿದೆ. ನೋವಿಲ್ಲ, ಮೇಲೆ ಹಕ್ಕಳೆ ಕಟ್ಟುತ್ತದೆ. ಎರಡು ಸಲ ಆಂಟಿಬಯೋಟಿಕ್ ನುಂಗಿದರೂ ಮಾಯ್ದಿಲ್ಲ. ನನಗೆ ರೋಗನಿರೋಧಕ ಶಕ್ತಿ ಕಡಿಮೆಯೇ? ಅದನ್ನು ಹೆಚ್ಚಿಸುವ ಮಾತ್ರೆ ಬೇಕೇ?

ಉತ್ತರ: ಕಣ್ಣಾರೆ ನೋಡದೆ ಖಚಿತ ಹೇಳಲಾರೆ. ಆದರೆ ಬಿಕಾನೇರ್ ಎಂದೊಡನೆ ನನಗೆ ಮೊದಲು ಅನುಮಾನ ಬಂದದ್ದು ಚರ್ಮದ ಲೀಶ್ಮೇನಿಯಾಸಿಸ್ ಮೇಲೆ. ಬ್ರಿಟಿಷರ ಕಾಲದ ವೈದ್ಯರು ಇದನ್ನು ನಿಮ್ಮ ನೆರೆಯೂರಿನ ಹೆಸರಿನಿಂದಲೇ ‘ದೆಹಲಿ ಹುಣ್ಣು’ ಎಂದು ಕರೆಯುತ್ತಿದ್ದರು. ಅವರಲ್ಲೊಬ್ಬರಾದ ಡಿ.ಡಿ. ಕನಿಂಗ್‌ಹ್ಯಾಮ್ 1885ರಲ್ಲಿ ಅಂಥದೇ ಹುಣ್ಣಿನ ತುಣುಕಿನಲ್ಲಿ ಇದಕ್ಕೆ ಕಾರಣವಾದ ಪರೋಪಜೀವಿಯನ್ನು ವರ್ಣಿಸಿದರು. ದೆಹಲಿಯ ಸುತ್ತ ಈಗ ಅಪರೂಪ, ಬಿಕಾನೇರ್ ಸೀಮೆಯಲ್ಲಿ ಇನ್ನೂ ಇದೆ.

ಸೊಳ್ಳೆಗಿಂತ ಚಿಕ್ಕದಾದ ಮರಳು ನೊಣ ಕಚ್ಚಿದಾಗ ಪರೋಪಜೀವಿ ಚರ್ಮದೊಳಗೆ ಇಳಿಯುತ್ತದೆ. ರೋಗಾಣುಗಳನ್ನು ನುಂಗಿ ಅರಗಿಸುವ ಮ್ಯಾಕ್ರೋಫೇಜ್ ಕೋಶಗಳು ಇದನ್ನೂ ನುಂಗುತ್ತವೆ. ಇದು ಮಾತ್ರ ಸಾಯದೆ ಆ ಕೋಶದೊಳಗೇ ಬದುಕಿ, ಸೀಳಿ ಸೀಳಿ ಹೆಚ್ಚುತ್ತದೆ. ನಿಮಗೆ ವಾರಗಟ್ಟಲೆ ಏನೂ ಕಾಣದಿದ್ದುದು ಅದಕ್ಕೇ. ಆಮೇಲೆ ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು ಬಂದು ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತ ರಾಸಾಯನಿಕ ಸುರಿಸುತ್ತವೆ. ಆ ಕರೆ ತಲುಪಿದ ಮ್ಯಾಕ್ರೋಫೇಜ್ ನೈಟ್ರಿಕ್ ಆಕ್ಸೈಡ್ ತಯಾರಿಸಿ, ಒಳಗೆ ಕುಳಿತದ್ದನ್ನು ಕೊಲ್ಲುತ್ತದೆ. ಈ ಕಾಳಗದಲ್ಲಿ ಸುತ್ತಲ ಚರ್ಮವೂ ಬೇಯುತ್ತದೆ. ನಿಮ್ಮ ಕೈಮೇಲಿನ ಹುಣ್ಣು ಬಹುಪಾಲು ಅದರದೇ ಗುರುತು. ಶಕ್ತಿ ಕುಂದಿದೆ ಎಂದು ಅಂಜಬೇಡಿ.

ಒಮ್ಮೆ ಗೆದ್ದ ದೇಹ ಆ ಜಾತಿಯ ಪರೋಪಜೀವಿಯನ್ನು ಮರೆಯುವುದಿಲ್ಲ. ಮತ್ತೆ ಹುಣ್ಣಾಗುವುದು ವಿರಳ. ಪಶ್ಚಿಮ ಏಷ್ಯಾದ ಜನ ಇದನ್ನು ಅನುಭವದಿಂದಲೇ ಅರಿತಿದ್ದರು. ಮಕ್ಕಳ ಮುಖದಲ್ಲಿ ಕಲೆ ಉಳಿಯದಿರಲೆಂದು, ಬಟ್ಟೆ ಮುಚ್ಚುವ ಜಾಗಕ್ಕೆ ಬೇಕೆಂದೇ ಹುಣ್ಣಿನ ರಸ ತಗುಲಿಸುತ್ತಿದ್ದರು.

ಮಾತ್ರೆ, ಟಾನಿಕ್ ಯಾವುದೂ ಬೇಡ. ಔಷಧಿ ಅಂಗಡಿಯವರು ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮನ್ನಂತೂ ಹಚ್ಚಲೇಬೇಡಿ. ಕೆಂಪು ಇಳಿದಂತೆ ಕಾಣುತ್ತದೆ, ಆದರೆ ಹೋರಾಡುವ ಕೋಶಗಳ ಕೈಯನ್ನೇ ಅದು ಕಟ್ಟುತ್ತದೆ. ಚರ್ಮತಜ್ಞರಿಗೆ ಬಿಕಾನೇರ್ ಪ್ರವಾಸದ ವಿಷಯ ಮೊದಲೇ ಹೇಳಿ. ಹುಣ್ಣಿನ ಅಂಚನ್ನು ಕೆರೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೋಗ ಖಚಿತವಾದರೆ ಹುಣ್ಣಿಗೇ ಸೋಡಿಯಂ ಸ್ಟಿಬೊಗ್ಲುಕೊನೇಟ್ ಚುಚ್ಚುಮದ್ದು ಕೊಡಬಹುದು, ಇಲ್ಲವೆ ಶಾಖ ಚಿಕಿತ್ಸೆ ಮಾಡಬಹುದು. ತಾನಾಗಿ ಮಾಯಲು ವರ್ಷವೂ ಹಿಡಿದೀತು. ನಿರೋಧಕ ಶಕ್ತಿ ತಗ್ಗಿಸುವ ಔಷಧಿ ಬೇರೆ ಕಾಯಿಲೆಗೆ ನಡೆಯುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ.

ಮನೆಯವರ ಮೈಯನ್ನೂ ಒಮ್ಮೆ ನೋಡಿ. ನಿಮ್ಮನ್ನು ಮುಟ್ಟಿದರೆ ಇದು ಅಂಟುವುದಿಲ್ಲ, ಆದರೆ ಅವರೂ ಅದೇ ಅಂಗಳದಲ್ಲಿ ಮಲಗಿದ್ದರಲ್ಲ.