ಮೂರನೇ ಸಲ ವಾಪಸು ಬಂದ ಅರ್ಜಿ

ಮಗಳೇ,

ಕೊರಗರ ಕಾಲನಿಯ ಜಾಗದ ಅರ್ಜಿ ಮೂರನೇ ಸಲವೂ ವಾಪಸು ಬಂತೆಂದು ನೀನು ಚೀಲ ಮೂಲೆಗೆಸೆದು ಕೂತದ್ದನ್ನು ಕಂಡೆ. ಅವತ್ತು ಏನೂ ಹೇಳಲಿಲ್ಲ. ಸಂಕಟ ಬಿಸಿಯಾಗಿರುವಾಗ ಬುದ್ಧಿಮಾತು ಕಿವಿಗೆ ಇಳಿಯುವುದಿಲ್ಲ.

ಭರವಸೆಗೆ ಮನೆಯ ಕೊಂಕಣಿಯಲ್ಲಿ ನಾವು ‘ಭರ್ವಸೊ’ ಅನ್ನುತ್ತೇವೆ, ಕನ್ನಡ ಬೈಬಲಿನಲ್ಲಿ ‘ನಿರೀಕ್ಷೆ’. ನನಗೆ ಎರಡನೆಯದೇ ಹೆಚ್ಚು ಇಷ್ಟ, ಅದರೊಳಗೆ ನೋಡುವ ಕೆಲಸವಿದೆ. ದಾರಿ ಕಾಯುವವರು ಕಣ್ಣು ಮುಚ್ಚಿ ಕೂರುತ್ತಾರೆಯೇ? ಜೂನ್ ಒಂದರಿಂದ 61 ದಿನ ಯಾಂತ್ರಿಕ ದೋಣಿ ಕಡಲಿಗಿಳಿಯುವಂತಿಲ್ಲ. ಆ ಮಳೆಯಲ್ಲೂ ಗಂಗೊಳ್ಳಿಯಲ್ಲಿ ಬಲೆ ಸರಿಮಾಡುತ್ತ ಕೂತವರನ್ನು ನೀನು ನೋಡಿದ್ದೀಯ.

ಹೀಗೆ ಕೈಬಿಡದೆ ಕಾದ ಇನ್ನೊಬ್ಬರ ಮಾತು ಹೇಳುತ್ತೇನೆ. 1681ರಲ್ಲಿ ಗೋವೆಯಿಂದ ಈ ಕರಾವಳಿಗೆ ಬಂದ ಜೋಸೆಫ್ ವಾಸ್ ಪಾದ್ರಿಗಳು ಗಂಗೊಳ್ಳಿ, ಬಸ್ರೂರು, ಕುಂದಾಪುರ ಸುತ್ತಿದವರು. ಕುಂದಾಪುರದ ಇಗರ್ಜಿಯಲ್ಲಿ ಪ್ರಾರ್ಥಿಸುವಾಗ ಅವರು ನೆಲಬಿಟ್ಟು ಮೇಲೆದ್ದರೆಂದು ಹೇಳುತ್ತಾರೆ. ನನ್ನ ಮನಸ್ಸು ಸೋತದ್ದು ಬೇರೆ ಸಂಗತಿಗೆ. 1687ರಲ್ಲಿ ಕೂಲಿಯವನ ವೇಷದಲ್ಲಿ ಸಿಂಹಳಕ್ಕೆ ಹೋಗಿ, ಕ್ಯಾಂಡಿಯಲ್ಲಿ ಸೆರೆಯಿದ್ದು, 1697ರಲ್ಲಿ ಅದೇ ಊರಿಗೆ ಸಿಡುಬು ಬಂದು ಜನ ಓಡುವಾಗ ರೋಗಿಗಳ ಬಳಿ ಉಳಿದರಲ್ಲ, ಅದಕ್ಕೆ. 2015ರಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಅವರು ತೀರಿ ಮುನ್ನೂರು ವರ್ಷ ದಾಟಿತ್ತು.

ಇನ್ನೊಂದು ಮಾತು, ಇದು ನೋಯಿಸಬಹುದು. ಆ ಕಾಲನಿಗೆ ಭರವಸೆ ಹೊತ್ತುಕೊಂಡು ಹೋಗುತ್ತಿರುವವಳು ನಾನೇ ಎಂದುಕೊಳ್ಳಬೇಡ. ಕೊರಗರನ್ನು ಡೋಲು ಬಡಿಯಲು ಕರೆದು, ಊಟಕ್ಕೆ ದೂರ ಕೂರಿಸಿದ್ದನ್ನು ಚಿಕ್ಕಂದಿನಲ್ಲಿ ಕಂಡವನು ನಾನು. ಪೂಜೆ ಮುಗಿಸಿ ಬಂದ ನಮ್ಮವರೂ ನೋಡಿ ಸುಮ್ಮನಿದ್ದರು, ನಾನೂ ಸುಮ್ಮನಿದ್ದೆ. ಉಗುರು, ಕೂದಲು ಬೆರೆಸಿದ ಅನ್ನ ಉಣಿಸುವ ಅಜಲು ಪದ್ಧತಿಯನ್ನು ಕಾನೂನು ನಿಷೇಧಿಸಿದ್ದು 2000ದಲ್ಲಿ. ಅದಕ್ಕೂ ಮೊದಲೇ, 1993ರ ಆಗಸ್ಟ್ 18ರಂದು ಕೊರಗರು ಮಂಗಳೂರಿನಲ್ಲಿ ಭೂಮಿ ಕೇಳಿ ಬೀದಿಗಿಳಿದಿದ್ದರು. ಕುಟುಂಬಕ್ಕೆ ಎರಡೂವರೆ ಎಕರೆ ಕೊಡಬೇಕೆಂದು ಕೊರಗರ ಕುರಿತ ಮಹಮ್ಮದ್ ಪೀರ್ ವರದಿ ಹೇಳಿತು. ಎಷ್ಟೋ ಮನೆಗಳಿಗೆ ಆ ಭೂಮಿ ಇನ್ನೂ ಬಂದಿಲ್ಲ. ಆದರೂ ಬೀದಿಗಿಳಿದ ಆ ದಿನವನ್ನು ಅವರು ‘ಭೂಮಿ ಹಬ್ಬ’ ಎಂದು ಆಚರಿಸುತ್ತ ಬಂದಿದ್ದಾರೆ. ಕೈಗೆ ಬಾರದ ಭೂಮಿಗೆ ಹಬ್ಬ! ನಾನು ಇಷ್ಟು ವರ್ಷ ಕೇಳಿದ ಯಾವ ಪ್ರಸಂಗವೂ ನಿರೀಕ್ಷೆಯನ್ನು ಇದಕ್ಕಿಂತ ಚೆನ್ನಾಗಿ ನನಗೆ ತಿಳಿಸಿಲ್ಲ. ಅವರ ಅಂಗಳದಲ್ಲಿ ಕೂತು ಕಲಿ.

ನೀನೆಸೆದ ಚೀಲ ತೆಗೆದಿಟ್ಟಿದ್ದೇನೆ. ಹಿಂಬರಹವನ್ನು ಪೂರ್ತಿ ಓದಿದೆಯಾ? ಒಂದು ನಕ್ಷೆ ಕಮ್ಮಿ, ಅಷ್ಟೆ. ಸೋಮವಾರ ಮೊದಲ ಬಸ್ಸಿಗೆ ಹೊರಡೋಣ. ನಾನೂ ಬರುತ್ತೇನೆ.