ದಾಸೋಹ ಮತ್ತು ಸಹಕಾರ: ಲಾಭದಾಚೆಯ ಅರ್ಥವ್ಯವಸ್ಥೆ

12ನೇ ಶತಮಾನದ ಶರಣರು ದುಡಿಮೆಯನ್ನೇ ಪೂಜೆಯಾಗಿ ಕಂಡ ‘ಕಾಯಕ’ವನ್ನೂ ಅದರ ಫಲವನ್ನು ಸಮುದಾಯದೊಡನೆ ಹಂಚಿಕೊಳ್ಳುವ ‘ದಾಸೋಹ’ವನ್ನೂ ಬೇರ್ಪಡಿಸದೆ ಬೋಧಿಸಿದ್ದರಿಂದ, ಉತ್ಪಾದನೆ ಮತ್ತು ವಿತರಣೆಗಳೆರಡನ್ನೂ ಮೌಲ್ಯಕ್ಕೆ ಬೆಸೆದ ಆರ್ಥಿಕ ಚಿಂತನೆಯೊಂದು ಕನ್ನಡ ನಾಡಿನಲ್ಲಿ ಬಹು ಹಿಂದೆಯೇ ರೂಪುಗೊಂಡಿತ್ತು. ತುಮಕೂರಿನ ಸಿದ್ಧಗಂಗಾ ಮಠ ಇದರ ಜೀವಂತ ನಿದರ್ಶನ. ಡಾ. ಶಿವಕುಮಾರ ಸ್ವಾಮೀಜಿಯವರ (1907–2019) ಕಾಲದಲ್ಲಿ ಜಾತಿ ಮತಗಳ ಭೇದವಿಲ್ಲದೆ ಸಾವಿರಾರು ವಿದ್ಯಾರ್ಥಿಗಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಒದಗಿಸಿದ ಈ ತ್ರಿವಿಧ ದಾಸೋಹಕ್ಕೆ ಭಕ್ತ ರೈತರು ತಮ್ಮ ಬೆಳೆಯ ಪಾಲನ್ನು ಕಾಣಿಕೆಯಾಗಿ ನೀಡುತ್ತ ಬಂದಿದ್ದಾರೆ. ಬೆಲೆ ಕಟ್ಟದೆ ಸಾಗುವ ಇಂತಹ ವಿನಿಮಯವನ್ನು ಬರಿಯ ದಾನವೆಂದು ಕರೆಯುವುದು ಅದರ ಆರ್ಥಿಕ ಮಹತ್ವವನ್ನು ಕುಗ್ಗಿಸುತ್ತದೆ.

ಲಾಭದಾಚೆಯ ಅರ್ಥವ್ಯವಸ್ಥೆಗೆ ಇದೇ ಜಿಲ್ಲೆಯ ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಾಲು ಉತ್ಪಾದಕರ ಸಹಕಾರ ಸಂಘಗಳು ಇನ್ನೊಂದು ಮಾದರಿ. ಹೂಡಿದ ಷೇರು ಹಣ ಎಷ್ಟೇ ಇದ್ದರೂ ಸದಸ್ಯರೊಬ್ಬರಿಗೆ ಒಂದೇ ಮತವಿರುವ, ಲಾಭಾಂಶಕ್ಕೆ ಮಿತಿಯಿರುವ ಸಂಸ್ಥೆಯೇ ಸಹಕಾರ ಸಂಘವಾಗಿದ್ದು, ಇಲ್ಲಿನ ಹಾಲು ಜಿಲ್ಲಾ ಒಕ್ಕೂಟವಾದ ತುಮುಲ್ ಮೂಲಕ ‘ನಂದಿನಿ’ ಹೆಸರಿನಲ್ಲಿ ಮಾರುಕಟ್ಟೆ ಸೇರುತ್ತದೆ. ಕರ್ನಾಟಕದಲ್ಲಿ ಸಹಕಾರ ಚಳವಳಿ 1905ರಲ್ಲಿ ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರಿಂದ ಆರಂಭವಾಯಿತು. ಸಹಕಾರ ಸಂಘಗಳನ್ನು ಉತ್ತೇಜಿಸುವ ಹೊಣೆಯನ್ನು ಸರ್ಕಾರಕ್ಕೆ ವಹಿಸುವ 43ಬಿ ವಿಧಿಯನ್ನು ಸಂವಿಧಾನದ 97ನೇ ತಿದ್ದುಪಡಿಯು (2011) ರಾಜ್ಯ ನೀತಿಯ ನಿರ್ದೇಶಕ ತತ್ತ್ವಗಳಿಗೆ ಸೇರಿಸಿತು.